ಮೇಯರನ ಲಂಡನ್ ಅಕ್ಕ

ಒಬ್ಬ ರಾಜಕಾರಣಿಯ ಏಳುಬೀಳನ್ನು ಹತ್ತಿರದಿಂದ ನೋಡಿದ್ದೇನೆ ಎಂದು ನಾನು ಹೇಳಿದರೆ ನಮ್ಮ ಕಡೆಯವರು ತಕ್ಷಣ, ಉಡುಪಿಯವನಾ, ಮಂಗಳೂರಿನವನಾ, ಯಾವ ಪಾರ್ಟಿ ಎಂದು ಕೇಳುತ್ತಾರೆ. ಸ್ಪೇನಿನವನು ಎಂದರೆ ನಗುತ್ತಾರೆ. ನಗಲಿ. ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಗಲೀಷಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿಯ ಒಂದು ಸಣ್ಣ ಊರಿನ ಮನುಷ್ಯ ಮೊದಲು ಪುರಸಭೆಯ ಸದಸ್ಯನಾಗಿ, ಆಮೇಲೆ ಮೇಯರಾಗಿ, ಪ್ರಾಂತ್ಯದ ಶಾಸನಸಭೆಯಲ್ಲೂ ಕೂತು, ಕಡೆಗೆ ಏನೂ ಅಲ್ಲದವನಾದದ್ದನ್ನು ನಾನು ಲಂಡನ್ನಿನ ಒಂದು ಚರ್ಚ್ ಹಾಲಿನಲ್ಲಿ ಕುರ್ಚಿ ಹಾಕುತ್ತ, ತೆಗೆಯುತ್ತ ನೋಡಿದೆ. ಅವನ ಊರನ್ನು ಇವತ್ತಿಗೂ ಕಂಡಿಲ್ಲ.

ಹಾಲ್ ಕಿಂಗ್ಸ್‌ಬರಿಯಿಂದ ಸ್ವಲ್ಪ ದೂರದಲ್ಲಿದ್ದ ನಮ್ಮ ಪ್ಯಾರಿಷ್‌ನದು. ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು. ಮುಂಬಯಿಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ ನಾನು ಅವಳ ಬೆನ್ನ ಹಿಂದೆ ಬಂದೆ. ಇಲ್ಲಿ ನನಗೆ ಸಿಕ್ಕಿದ್ದು ಹಾಲ್ ನೋಡಿಕೊಳ್ಳುವ ಕೆಲಸ. ಹೀಟಿಂಗ್ ಹಾಕುವುದು, ಮೈಕ್ ಜೋಡಿಸುವುದು, ಬಿಂಗೋ ಮುಗಿದ ಮೇಲೆ ನೆಲ ಒರೆಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಕುರ್ಚಿ. ಹಾಕಿದ ಕುರ್ಚಿಯನ್ನೇ ತೆಗೆದು, ತೆಗೆದದ್ದನ್ನೇ ಹಾಕಿ ನನ್ನ ಸೊಂಟ ಹೋಯಿತು. ಜಗತ್ತಿನಲ್ಲಿ ಎಲ್ಲ ಸಭೆಗಳೂ ಒಂದೇ ಎಂಬ ಜ್ಞಾನ ನನಗೆ ಬಂದದ್ದು ಪುಸ್ತಕದಿಂದಲ್ಲ, ಸೊಂಟದಿಂದ.

ಹಾಲಿನ ಅಡುಗೆಮನೆ ಒಬ್ಬ ಸ್ಪೇನಿನ ಹೆಂಗಸಿನ ಕೈಯಲ್ಲಿತ್ತು. ಭಾನುವಾರದ ಪೂಜೆ ಮುಗಿದ ಮೇಲೆ ಎಲ್ಲರಿಗೂ ಚಹಾ ಕೊಡುವುದು ಅವರ ಸೇವೆ. ನಮ್ಮ ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುತ್ತಾರಲ್ಲ, ಹಾಗೆ ನನ್ನ ಹೆಂಡತಿ ತಮಾಷೆಗೆ ಅವರಿಗೆ ಸ್ಪೇನಿನ ಬಾಯಮ್ಮ ಎಂದು ಹೆಸರಿಟ್ಟಳು. ಆಮೇಲೆ ನಮ್ಮ ಮನೆಯಲ್ಲಿ ಅದೇ ಹೆಸರು ನಿಂತಿತು. ಹುಡುಗಿಯಾಗಿದ್ದಾಗ ಲಂಡನ್ನಿಗೆ ಬಂದು, ಮೊದಲು ಯಾರದೋ ಮನೆಯಲ್ಲಿ ಕೆಲಸ, ಆಮೇಲೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿ, ಊರಲ್ಲಿದ್ದ ತಮ್ಮನನ್ನು ಓದಿಸಿದವರು. ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ನನ್ನ ಹೆಂಡತಿ ಕೇಳಿದಳು. “ಪುರುಸೊತ್ತಾಗ್ಲಿಲ್ಲ” ಎಂದರಂತೆ.

ಅವರ ಇಂಗ್ಲಿಷ್ ಒಂದು ಕಡೆ ಕುಂಟಿದರೆ ನನ್ನದು ಇನ್ನೊಂದು ಕಡೆ ಕುಂಟುತ್ತಿತ್ತು, ಹಾಗಾಗಿ ನಮಗೆ ಚೆನ್ನಾಗಿ ಹೊಂದಿತು. ಆ ಮಾತುಗಳನ್ನು ಇಲ್ಲಿ ನಮ್ಮ ಊರಿನ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ. ಅವರ ಹಳ್ಳಿಯ ಭಾಷೆ ಪೋರ್ಚುಗೀಸಿಗೆ ತೀರ ಹತ್ತಿರದ್ದಂತೆ. ನಮ್ಮ ಮನೆಮಾತಾದ ಕೊಂಕಣಿಯಲ್ಲಿ ಪೋರ್ಚುಗೀಸರು ಬಿಟ್ಟುಹೋದ ಶಬ್ದಗಳು ಬೇಕಾದಷ್ಟಿವೆ. ಅವರು ಮೇಜಿಗೆ ಮೇಸಾ, ಚಾವಿಗೆ ಚಾಬೆ ಎನ್ನುವಾಗ ನನಗೆ ನೆಂಟರ ಮನೆಗೆ ಬಂದ ಹಾಗಾಗುತ್ತಿತ್ತು.

ಬಾಯಮ್ಮನಿಗೆ ಇದ್ದದ್ದು ಒಂದೇ ಆಸೆ. ರಿಟೈರ್ ಆದ ಮೇಲೆ ಊರಿಗೆ ಹೋಗಿ, ತಾಯಿಯ ಮನೆಯಲ್ಲಿ, ತಾನು ಹುಟ್ಟಿದ ಕೋಣೆಯಲ್ಲಿ ಇರುವುದು. ಮಹಡಿಯ ಮೇಲಿನ ಕೋಣೆ. ಕೆಳಗೆ ದನದ ಕೊಟ್ಟಿಗೆ ಇದ್ದದ್ದರಿಂದ ಚಳಿಗಾಲದಲ್ಲೂ ಬೆಚ್ಚಗಿರುತ್ತಿತ್ತಂತೆ. ಕಿಟಕಿಯ ಕಲ್ಲಿನ ಚೌಕಟ್ಟಿನ ಒಂದು ಮೂಲೆ ಒಡೆದುಹೋಗಿತ್ತು, ಅಲ್ಲಿ ಕೂತು ಅವರು ತಮ್ಮನಿಗೆ ಚೆಸ್ಟ್‌ನಟ್ ಸುಲಿದು ಕೊಡುತ್ತಿದ್ದರು. ಪಾತ್ರೆ ತೊಳೆಯುತ್ತ ಈ ಕೋಣೆಯ ವರ್ಣನೆಯನ್ನು ನನಗೆ ಎಷ್ಟು ಸಲ ಮಾಡಿದ್ದರೆಂದರೆ, ಕಣ್ಣು ಕಟ್ಟಿ ಬಿಟ್ಟರೂ ನಾನು ಅದರೊಳಗೆ ಓಡಾಡಿಯೇನು.

ನಾನು ಮೊದಲಿಗೆ ಹೇಳಿದ ರಾಜಕಾರಣಿ ಈ ತಮ್ಮನೇ. ಊರಲ್ಲಿದ್ದವನಿಗೆ ಲಂಡನ್ನಿನಲ್ಲಿ ಏನು ಕೆಲಸ ಎಂದು ಕೇಳಬಹುದು. ನಮ್ಮ ಕರಾವಳಿಯಿಂದ ಮನೆಗೊಬ್ಬರು ಮುಂಬಯಿಗೋ ಗಲ್ಫಿಗೋ ಹೋದ ಹಾಗೆ ಆ ಊರಿಂದ ಮನೆಗೊಬ್ಬರು ಲಂಡನ್ನಿಗೆ ಬಂದಿದ್ದರು. ವ್ಯತ್ಯಾಸ ಒಂದೇ. ನಾವು ಊರು ಬಿಟ್ಟರೆ ನಮ್ಮ ಓಟು ಊರಲ್ಲೇ ಒಣಗುತ್ತದೆ, ಅವರದು ಟಪಾಲಿನಲ್ಲಿ ಮನೆಗೆ ಬರುತ್ತದೆ. ಊರಿನ ಮೇಯರ್ ಯಾರಾಗಬೇಕು ಎನ್ನುವುದಕ್ಕೂ ಲಂಡನ್ನಿನಲ್ಲಿ ಕೂತು ಓಟು ಹಾಕಬಹುದಾಗಿತ್ತು. ಸಣ್ಣ ಊರು, ಗೆಲುವು ಸೋಲು ಬೆರಳೆಣಿಕೆಯ ಮೇಲೆ. ಹಾಗಾಗಿ ಚುನಾವಣೆ ಬಂತೆಂದರೆ ಅಭ್ಯರ್ಥಿಗಳು ವಿಮಾನ ಹತ್ತುತ್ತಿದ್ದರು.

ಅವನು ಮೊದಲ ಸಲ ಬಂದಾಗ ತೋಳು ಉದ್ದವಾದ, ಯಾರದೋ ಕೋಟು ಹಾಕಿಕೊಂಡಿದ್ದ. ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ, ಓದುವವರು ಕ್ಷಮಿಸಬೇಕು. ಆದರೆ ಆಗ ನನಗೂ ಅವನು ಇಷ್ಟವಾಗಿದ್ದ. ಅಕ್ಕನ ಮನೆಯ ಸೋಫಾದಲ್ಲಿ ಮಲಗಿ ಎದ್ದು, ನನ್ನ ಜೊತೆ ಕುರ್ಚಿ ಹಾಕಿದ. ಮುಂದಿನ ಎರಡು ಸಾಲೂ ತುಂಬದ ಸಭೆಯಲ್ಲಿ, ಊರಿಗೆ ಮರಳುವವರಿಗೆ ಊರಿನ ಬಾಗಿಲು ತೆರೆದಿರುತ್ತದೆ ಎಂದು ಭಾಷಣ ಮಾಡಿದ. ಬಾಯಮ್ಮ ನನ್ನ ಕಿವಿಯಲ್ಲಿ ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದರು, ಮಧ್ಯೆ ಮಧ್ಯೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಭೆಯಾದ ಮೇಲೆ ಅವನು ಅಕ್ಕನ ಭುಜ ಹಿಡಿದು ನನ್ನೆದುರಿಗೇ, “ಅಮ್ಮನ ಮನೆಯ ಮಾಡು ರಿಪೇರಿ ಮಾಡಿಸ್ತೇನೆ. ನೀನು ಬರುವಾಗ ನಿನ್ನ ಕೋಣೆ ತಯಾರಿರ್ತದೆ” ಎಂದ.

ಅವನ ಭಾಷಣದಿಂದ ಓಟು ಬೀಳುತ್ತದೆ ಎಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ. ನಿಜ ಗೊತ್ತಾದದ್ದು ಒಮ್ಮೆ ಬಾಯಮ್ಮನ ಜೊತೆ ಹೋದಾಗ. ದೊಡ್ಡ ಬೋಗುಣಿ ಹೊರಲು ಜನ ಬೇಕು ಎಂದು ನನ್ನನ್ನು ಕರೆದಿದ್ದರು. ಕಿಲ್ಬರ್ನ್ ಕಡೆಯ ಒಂದು ಫ್ಲ್ಯಾಟ್. ಒಳಗೆ ಅವರ ಊರಿನ ಒಬ್ಬ ಮುದುಕ, ಹೋಟೆಲಿನಲ್ಲಿ ಪಾತ್ರೆ ತೊಳೆದು ತೊಳೆದು ಬೆರಳು ಸೊಟ್ಟಗಾಗಿದ್ದವರು. ಕಣ್ಣು ಸಹ ಮಂಜು. ಅವರ ದೇಶದ ಪದ್ಧತಿಯಲ್ಲಿ ಪ್ರತಿ ಪಾರ್ಟಿಗೂ ಬೇರೆ ಬೇರೆ ಚೀಟಿ ಇರುತ್ತದೆ. ಬೇಕಾದ ಪಾರ್ಟಿಯ ಚೀಟಿಯನ್ನು ಲಕೋಟೆಗೆ ಹಾಕಿ ಅಂಟಿಸಬೇಕು, ಆಮೇಲೆ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರ್ ಮಾಡಬೇಕು. ಮುದುಕರಿಗೆ ಇದೆಲ್ಲ ಹಿಮಾಲಯ.

ಬಾಯಮ್ಮನದು ಒಂದು ಕ್ರಮವಿತ್ತು. ಮೊದಲು ಊಟ, ಬೋಗುಣಿಯಿಂದ ಆಲೂಗೆಡ್ಡೆ, ಸೊಪ್ಪು, ಹಂದಿಮಾಂಸ ಹಾಕಿದ ಸಾರು. ಆಮೇಲೆ ಊರಿನ ಸುದ್ದಿ. ಯಾರು ಸತ್ತರು, ಯಾರ ಹಸು ಕರು ಹಾಕಿತು, ಯಾರ ಗೋಡೆ ಬಿತ್ತು, ಬಿದ್ದ ಗೋಡೆಯ ಕಲ್ಲನ್ನು ಯಾರು ಹೊತ್ತುಕೊಂಡು ಹೋದರು. ಓಟಿನ ಮಾತು ಎಲ್ಲ ಮುಗಿದ ಮೇಲೆ. ಚೀಟಿಗಳನ್ನು ಮೇಜಿನ ಮೇಲೆ ಹರಡಿ ಒಂದೊಂದನ್ನೂ ಓದಿ ಹೇಳಿದರು. ಮುದುಕ ಕೇಳುವ ತಾಳ್ಮೆಯಿಲ್ಲದೆ, “ನಿನ್ನ ತಮ್ಮನದ್ದು ಹಾಕು ಮಗಾ. ನೀನಲ್ವಾ ಬಂದದ್ದು” ಎಂದರು. ಆಮೇಲೆ ಅವರಿಗೆ ಕೋಟು ತೊಡಿಸಿ, ಮಫ್ಲರ್ ಸುತ್ತಿ, ತೋಳು ಹಿಡಿದು ಪೋಸ್ಟಾಫೀಸಿನ ಕ್ಯೂನಲ್ಲಿ ನಿಲ್ಲಿಸಿದರು. ಮನೆಯಿಂದ ಹೊರಗೆ ಬಂದದ್ದಕ್ಕೇ ಮುದುಕನಿಗೆ ಹಬ್ಬ.

ಹೀಗೆ ಲಂಡನ್ನಿನ ಉದ್ದಗಲ, ಟ್ಯೂಬ್ ರೈಲಿನಲ್ಲಿ, ಬಸ್ಸಿನಲ್ಲಿ, ಅದು ಸಿಗದಿದ್ದಲ್ಲಿ ನಡೆದು, ಅವರು ಮನೆ ಮನೆ ಸುತ್ತುತ್ತಿದ್ದರು. ವಾಪಸು ಬರುವಾಗ ಟ್ಯೂಬಿನಲ್ಲಿ ಖಾಲಿ ಬೋಗುಣಿ ನನ್ನ ತೊಡೆಯ ಮೇಲಿತ್ತು. “ಕಾಲು ನೋಯುದಿಲ್ವಾ ಬಾಯಮ್ಮ?” ಎಂದೆ. “ನೋಯ್ತದೆ. ಆದ್ರೆ ಇದೆಲ್ಲ ನನ್ನ ಮನೆಗೆ ಹೋಗುವ ದಾರಿ ಅಲ್ವಾ” ಎಂದರು.

ಅವನು ಮೇಯರಾದ. ಮುಂದಿನ ಸಲ ಅವನದೇ ಅಳತೆಯ ಕೋಟು. ಆಮೇಲೆ ಪಾರ್ಟಿಯವರು ಅವನ ಹೆಸರನ್ನು ಪ್ರಾಂತ್ಯದ ಶಾಸನಸಭೆಯ ಪಟ್ಟಿಗೂ ಸೇರಿಸಿದರು. ಮೇಯರ್‌ಗಿರಿ ಕೈಯಲ್ಲಿದ್ದ ಹಾಗೇ ಅವನು ಅಲ್ಲೂ ಹೋಗಿ ಕೂತ. ಕೋಟಿಗೆ ರೇಷ್ಮೆಯ ಟೈ ಬಂತು, ಬ್ಯಾಗ್ ಹಿಡಿಯುವವನೊಬ್ಬ ಬಂದ, ಸೋಫಾ ಹೋಗಿ ಹೋಟೆಲ್ ಬಂತು. ಹಾಲ್ ತುಂಬತೊಡಗಿತು. ಜನ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಬದಲಾಗದೆ ಉಳಿದದ್ದು ಭಾಷಣ ಮಾತ್ರ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುತ್ತಾರಲ್ಲ, ಹಾಗೆ. ಬಾಗಿಲು ತೆರೆದಿದೆ, ಬಾಗಿಲು ತೆರೆದಿದೆ. ಮನೆಯ ಮಾಡಿನ ವಿಚಾರ ಬಾಯಮ್ಮ ಕೇಳಿದರೆ, ಕೆಲಸ ನಡೀತಾ ಉಂಟು ಎಂಬ ಉತ್ತರ.

ನನ್ನ ಹೆಂಡತಿಗೆ ಅವನ ಮೇಲೆ ಮೊದಲಿಂದಲೇ ಗುಮಾನಿ. ನೈಟ್ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕೂತವಳಿಗೆ ನಾನು ಸಭೆಯ ಸುದ್ದಿ ಹೇಳಿದರೆ, “ಅವನಿಗೆ ಲಂಡನ್ ಅಂದ್ರೆ ಓಟಿನ ಪೆಟ್ಟಿಗೆ ಮಾರಾಯ್ರೆ. ಅಕ್ಕನ ಮನೆಯ ದಾರಿಯಾದ್ರೂ ನೆನಪುಂಟಾ ಕೇಳಿ ಅವನತ್ರ” ಎನ್ನುತ್ತಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಅವಳು ಹೇಳಲಿಲ್ಲ, ನಾನೇ ಮನಸ್ಸಿನಲ್ಲಿ ಹೇಳಿಕೊಂಡೆ. ಆದರೂ ಇವನು ಪ್ರತಿ ಚುನಾವಣೆಗೂ ಮತ್ತೆ ಅದೇ ಹೊಳೆ ದಾಟಲೇಬೇಕಲ್ಲ, ಅಂಬಿಗನನ್ನು ಅಷ್ಟು ಸುಲಭವಾಗಿ ಮರೆಯಲಾರ ಎಂದು ನನಗೊಂದು ನಂಬಿಕೆ ಇತ್ತು.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿರಬಹುದು. ಬಾಯಮ್ಮ ರಿಟೈರ್ ಆಗಿ, ಹೊರಡುವ ಮಾತು ಗಟ್ಟಿಯಾಗುತ್ತಿದ್ದ ಸಮಯ. ಅವನು ಬಂದ. ಈ ಸಲ ಭಾಷಣ ಮಾತ್ರವಲ್ಲ, ಪರದೆಯ ಮೇಲೆ ಚಿತ್ರ ತೋರಿಸುತ್ತಾನಂತೆ. ಪ್ರೊಜೆಕ್ಟರ್ ಜೋಡಿಸಿ, ಪರದೆ ಕಟ್ಟಿ, ಹಾಲಿನ ದೀಪ ಆರಿಸಿದವನು ನಾನೇ. ಹೊಸ ರಸ್ತೆ, ಹೊಸ ಸೇತುವೆ, ಹೊಸ ಕ್ರೀಡಾಂಗಣ ಬಂದು ಹೋದವು. ಆಮೇಲೆ, ನಮ್ಮ ಊರಿಗೆ ಈಗ ಪ್ರವಾಸಿಗರು ಬರುತ್ತಿದ್ದಾರೆ, ಹಳೆಯ ಮನೆಗಳಿಗೆ ಮತ್ತೆ ಜೀವ ಬಂದಿದೆ ಎಂದು ಹೇಳಿ ಅವನು ಒಂದು ಕಲ್ಲಿನ ಮನೆ ತೋರಿಸಿದ. ಮಾಡು ಹೊಸದು. ಅಂಗಳದಲ್ಲಿ ಬಣ್ಣದ ಕೊಡೆಗಳ ಕೆಳಗೆ ಬಿಳಿಯ ಕುರ್ಚಿಗಳು. ಕೊಟ್ಟಿಗೆ ಇದ್ದ ಜಾಗದಲ್ಲಿ ಗಾಜಿನ ಬಾಗಿಲಿನ ಊಟದ ಹಾಲ್. ಮುಂದಿನ ಚಿತ್ರದಲ್ಲಿ ಮಹಡಿಯ ಕೋಣೆ, ದೊಡ್ಡ ಮಂಚ, ಬಿಳಿ ಹಾಸು, ಬಾಗಿಲ ಮೇಲೆ ಹಿತ್ತಾಳೆಯ ನಂಬರು, ಕಿಟಕಿಯ ಚೌಕಟ್ಟಿನಲ್ಲಿ ಮೂಲೆ ಒಡೆದ ಒಂದು ಕಲ್ಲು.

ಬಾಯಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. “ಶನೆಲಾ” ಎಂದರು, ಗಂಟಲಲ್ಲೇ. ನಮ್ಮ ಕೊಂಕಣಿಯಲ್ಲಿ ಕಿಟಕಿಗೆ ಜನೆಲ್ ಎನ್ನುತ್ತೇವೆ. ಯಾರೂ ನನಗೆ ಅನುವಾದ ಮಾಡಬೇಕಾಗಲಿಲ್ಲ.

ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರು ಅಡುಗೆಮನೆಗೆ ಹೋದರು, ನಾನೂ ಹಿಂದೆ ಹೋದೆ. ತೊಳೆದಿಟ್ಟ ಕಪ್ಪುಗಳನ್ನೇ ಮತ್ತೆ ತೊಳೆಯುತ್ತಿದ್ದರು. “ನಿಮಗೆ ಹೇಳಿರ್ಲಿಲ್ವಾ?” ಎಂದು ಕೇಳಿದೆ.

“ಪುರುಸೊತ್ತಾಗ್ಲಿಲ್ಲ ಕಾಣ್ತದೆ ಅವನಿಗೆ” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಯಾಕೆ ಹೇಳಲಿ, ಅವನ ಮೇಲೆ ಬಂದಷ್ಟೇ ಸಿಟ್ಟು ಆ ಕ್ಷಣ ಬಾಯಮ್ಮನ ಮೇಲೂ ಬಂತು. ಇಷ್ಟಾದರೂ ತಮ್ಮನ ಪರ ಮಾತಾಡುತ್ತಾರಲ್ಲ ಎಂದು. ಅವನು ಹೊರಡುವಾಗ ಅವರು ಬಾಗಿಲ ಬಳಿ ಅವನನ್ನು ತಡೆದು ಏನೋ ಕೇಳಿದರು. ಅವನು ಅಕ್ಕನ ಎರಡೂ ಕೆನ್ನೆಗೆ ಮುತ್ತಿಟ್ಟು, ಕಾಯುತ್ತಿದ್ದ ಟ್ಯಾಕ್ಸಿ ಹತ್ತಿದ. ಏನೆಂದ ಎಂದು ಕೇಳಿದೆ. ಮನೆ ಬೀಳುವುದರಲ್ಲಿತ್ತಂತೆ, ಪ್ರವಾಸಿಗರಿಗೆ ಕೊಡುವುದಾದರೆ ಸರ್ಕಾರ ರಿಪೇರಿಗೆ ಸಹಾಯ ಮಾಡುತ್ತದಂತೆ, ಹಾಗೆ ಉಳಿಸಿದನಂತೆ. “ನೀನು ಬಂದಾಗ ನೋಡುವಾ ಅಂದ” ಎಂದರು.

ಮುಂದಿನ ಪುರಸಭೆ ಚುನಾವಣೆ ಬಂತು. ಮುದುಕರ ಮನೆಗಳಿಗೆ ಚೀಟಿಗಳ ಕಟ್ಟುಗಳು ಟಪಾಲಿನಲ್ಲಿ ಬಂದು ಬಿದ್ದವು. ಹಾಲಿನ ಫೋನು ಬಡಿದುಕೊಳ್ಳತೊಡಗಿತು. ಅವಳು ಯಾವಾಗ ಬರ್ತಾಳೆ, ಸಾರು ತರ್ತಾಳಾ ಎಂದು ಒಬ್ಬರಾದ ಮೇಲೆ ಒಬ್ಬರು. ಬಾಯಮ್ಮ ಮೊಣಕಾಲು ನೋವು ಎಂದರು. ಡಾಕ್ಟರಿಗೆ ತೋರಿಸಿದಿರಾ ಎಂದರೆ, ವಯಸ್ಸಿನ ನೋವು, ಮಾತ್ರೆ ಕೊಟ್ಟಿದ್ದಾರೆ ಎಂದರು. ಬೋಗುಣಿ ಕಪಾಟಿನ ಮೇಲೇ ಇತ್ತು. ಲಂಡನ್ನಿನ ಮುದುಕರ ಅಡುಗೆಮನೆಗಳಲ್ಲಿ ಚೀಟಿಗಳು ಬಿಚ್ಚದೆ ಬಿದ್ದಿದ್ದವು ಎಂದು ಕಾಣುತ್ತದೆ. ಪಾರ್ಟಿಯ ಕಡೆಯಿಂದ ಒಬ್ಬ ಹುರುಪಿನ ಯುವಕ ಬಂದು ಬಾಗಿಲು ಬಾಗಿಲು ತಟ್ಟಿದನಂತೆ. ಸಾರೂ ಇಲ್ಲ, ಊರಿನ ಸುದ್ದಿಯೂ ಇಲ್ಲ, ನೇರ ಓಟು. ಯಾರು ಬಾಗಿಲು ತೆಗೆಯುತ್ತಾರೆ?

ಹೊರದೇಶದ ಓಟು ಎಣಿಸುವುದು ಕಡೆಗೆ. ಊರಿನ ಎಣಿಕೆಯಲ್ಲಿ ಅವನೂ ಎದುರಾಳಿಯೂ ಸಮಸಮ. ಕೆಲವು ದಿನ ಬಿಟ್ಟು ಟಪಾಲಿನ ಲಕೋಟೆಗಳನ್ನು ಬಿಚ್ಚಿದಾಗ ಅವನು ಸೋತಿದ್ದ. ಸ್ವಂತ ಊರನ್ನೇ ಉಳಿಸಿಕೊಳ್ಳದವನು ನಮಗೇಕೆ ಎಂದು ಪಾರ್ಟಿಯವರು ಶಾಸನಸಭೆಯ ಮುಂದಿನ ಪಟ್ಟಿಯಿಂದಲೂ ಅವನ ಹೆಸರು ತೆಗೆದರು. ಅಲ್ಲಿಗೆ ಮುಗಿಯಿತು. ಒಂದು ರಾಜಕೀಯ ಜೀವನ ಮುಗಿಯುವಾಗ ಸದ್ದೇ ಆಗುವುದಿಲ್ಲ, ಫೋನು ನಿಲ್ಲುತ್ತದೆ ಅಷ್ಟೆ.

ಕಿಲ್ಬರ್ನಿನ ಆ ಮುದುಕ ತೀರಿಕೊಂಡಾಗ ಅವನು ಬಂದ. ಅಭ್ಯಾಸಬಲ, ಇಷ್ಟು ವರ್ಷ ಊರಿನವರ ಯಾವ ಸಾವಿಗೂ ಬರದೆ ಉಳಿದವನಲ್ಲ. ಮಣ್ಣು ಮುಗಿಸಿ ಬಂದವರಿಗೆ ಹಾಲಿನಲ್ಲಿ ಚಹಾ, ಸ್ಯಾಂಡ್‌ವಿಚ್ ಇತ್ತು. ಬ್ಯಾಗ್ ಹಿಡಿಯುವವನಿಲ್ಲ. ಕೂದಲು ಪೂರ್ತಿ ಬಿಳಿಯಾಗಿತ್ತು. ಜನ ಅವನ ಕೈ ಕುಲುಕಿ ಬೇಗ ಬೇಗ ಮನೆಗೆ ಹೋದರು. ಉಳಿದವರು ನಾವು ಮೂವರೇ. ನೋಡಿ ಪಾಪ ಅನಿಸಿತು, ಅದನ್ನೂ ಹೇಳಬೇಕು.

ಅವನು ನನ್ನ ಕಡೆ ತಿರುಗಿ, ನಗುತ್ತ ಇಂಗ್ಲಿಷಿನಲ್ಲಿ, “ನನ್ನನ್ನು ಸೋಲಿಸಿದ್ದು ಎದುರು ಪಾರ್ಟಿ ಅಲ್ಲ, ನನ್ನ ಅಕ್ಕನ ಮೊಣಕಾಲು. ಮೊದಲೇ ಹೇಳಿದ್ರೆ ಕಾರು ಕಳಿಸ್ತಿದ್ದೆ” ಎಂದ.

ಅಕ್ಕ ತಮ್ಮ ಮಾತಾಡುವುದು ಯಾವಾಗಲೂ ಅವರ ಹಳ್ಳಿಯ ಭಾಷೆಯಲ್ಲಿ. ಅವತ್ತು ಬಾಯಮ್ಮ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು. ನನಗೂ ಕೇಳಲಿ ಎಂದೋ ಏನೋ.

“ಮೊಣಕಾಲು ಸರಿಯೇ ಇತ್ತು” ಎಂದರು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನನಗೂ ಬೇಕಾಯಿತು. ಅವನ ಮುಖದ ನಗು ಇಳಿಯಿತು. ನಾನು ಎದ್ದು ಹೋಗಲು ನೋಡಿದೆ, ಬಾಯಮ್ಮ ಕೈ ಅಡ್ಡ ಮಾಡಿ ಕೂರಿಸಿದರು.

“ಯಾಕೆ?” ಎಂದ.

“ನೀನು ನನ್ನತ್ರ ಒಂದು ಮಾತು ಕೇಳ್ಲಿಲ್ಲ. ಚಿತ್ರ ಮಾಡಿ ಊರಿಗೆಲ್ಲ ತೋರಿಸಿದೆ.”

ಅವನು ಕೂಗಾಡುತ್ತಾನೆ ಎಂದುಕೊಂಡೆ. ಇಲ್ಲ. ತಲೆ ತಗ್ಗಿಸಿ ಕಪ್ಪನ್ನು ತಿರುಗಿಸುತ್ತ ಕೂತಿದ್ದ. ಆಮೇಲೆ ಮುಖ ಎತ್ತಿದಾಗ ಅದರಲ್ಲಿ ಹಳೆಯ ಕಳೆ ಬಂದಿತ್ತು. ಏನೋ ಒಂದು ಪರಿಹಾರ ಹೊಳೆದ ಮೇಯರನ ಕಳೆ. ಅಕ್ಕನ ಕೈ ಹಿಡಿದು, ಮನಸ್ಸಿನಿಂದಲೇ ಹೇಳಿದ. ಅವನು ನಾಟಕ ಮಾಡಲಿಲ್ಲ, ಅಷ್ಟನ್ನು ನಾನು ಬಲ್ಲೆ.

“ಚಳಿಗಾಲದಲ್ಲಿ ಬಾ. ಆಗ ಪ್ರವಾಸಿಗರು ಇರುದಿಲ್ಲ. ಕೋಣೆ ಖಾಲಿ ಇರ್ತದೆ.”

ಬಾಯಮ್ಮ ಕೈ ಬಿಡಿಸಿಕೊಳ್ಳಲಿಲ್ಲ. “ಅಮ್ಮ ನನ್ನನ್ನು ಹೆತ್ತ ಕೋಣೆಗೆ ನಾನು ಸೀಸನ್ ನೋಡಿ ಬರ್ಬೇಕಾ?” ಎಂದರು. ಅವನು ಎದ್ದು ಕೋಟು ಹಾಕಿಕೊಂಡ. ಅವನನ್ನು ಸ್ಟೇಷನ್ ತನಕ ಬಿಟ್ಟುಬಂದವರು ಬಾಯಮ್ಮನೇ. ಮಳೆ ಬರುತ್ತಿತ್ತು, ನನ್ನ ಕೊಡೆ ತೆಗೆದುಕೊಂಡು ಹೋಗಿ ಅವನಿಗೆ ಹಿಡಿದರು.

ಅದಾಗಿ ಒಂದು ವಾರಕ್ಕೆ, ಕೌನ್ಸಿಲ್ ಆಫೀಸಿಗೆ ಹೋಗಲಿಕ್ಕೆ ಜೊತೆಗೆ ಬರ್ತೀರಾ ಎಂದು ನನ್ನನ್ನು ಕೇಳಿದರು. ಅವರದು ಕೌನ್ಸಿಲ್, ಎಂದರೆ ಇಲ್ಲಿಯ ನಗರಸಭೆ, ಬಾಡಿಗೆಗೆ ಕೊಟ್ಟ ಫ್ಲ್ಯಾಟ್, ಮೇಲಿನ ಮಹಡಿಯಲ್ಲಿ. ಲಿಫ್ಟು ಒಂದು ದಿನ ನಡೆದರೆ ಇನ್ನೊಂದು ದಿನ ಇಲ್ಲ. ಕೌಂಟರಿನ ಹಿಂದೆ ನನ್ನ ಮಗಳ ವಯಸ್ಸಿನ ಒಬ್ಬ ಹುಡುಗಿ ಕೂತಿದ್ದಳು. ಬಾಯಮ್ಮ ನೆಲಮಹಡಿಯ ಫ್ಲ್ಯಾಟ್ ಬೇಕು ಎಂದರು.

ಹುಡುಗಿ ಕಂಪ್ಯೂಟರ್ ನೋಡಿ ಅಚ್ಚರಿಪಟ್ಟಳು. ಇಷ್ಟು ವರ್ಷದಿಂದ ಅಲ್ಲೇ ಇದ್ದೀರಿ, ಲಿಫ್ಟಿನ ತೊಂದರೆಯೂ ಇದೆ, ಒಂದು ಸಲವೂ ಬೇರೆ ಮನೆ ಕೇಳಿಲ್ಲವಲ್ಲ, ಯಾಕೆ ಎಂದಳು.

“ಹೊರಡುವವಳಿದ್ದೆ” ಎಂದರು ಬಾಯಮ್ಮ.

“ಈಗ?”

“ಈಗ ಇಲ್ಲ.”